ಗಂಜಿ ಜಾಸ್ತಿ

ಮೂರನೇ ಸಾಲನ್ನು ಅಳಿಸಿ ನಂದನ್ ಅದಕ್ಕಿಂತ ಖಾರವಾದ ಇನ್ನೊಂದು ಸಾಲು ಬರೆಯತೊಡಗಿದ. ಬಲಗೈ ಹೆಬ್ಬೆರಳು ಫೋನಿನ ಮೇಲೆ, ಎಡಗೈಯಲ್ಲಿ ನೂಲು ಖಾಲಿಯಾದ ಲಾಳಿ. ಆ ಲಾಳಿಗಾಗಿ ಎರಡನೇ ಮಗ್ಗ ಬಾಯಿ ತೆರೆದುಕೊಂಡು ನಿಂತಿತ್ತು. ಉಳಿದ ಮೂರು ಮಗ್ಗಗಳ ಹೊಡೆತಕ್ಕೆ ಗೋಡೆಯ ಕ್ಯಾಲೆಂಡರು ಮೊಳೆಯ ಮೇಲೆ ಕುಣಿಯುತ್ತಿತ್ತು.

'ಮಗ್ಗದ ಮುಂದೆ ಒಂದು ದಿನ ನಿಂತು ನೋಡಿ ಮೇಡಂ, ಬಿಟ್ಟಿ ಕೂಳು ತಿನ್ನೋರು ಯಾರು ಅಂತ ಗೊತ್ತಾಗುತ್ತೆ' ಎಂದು ಬರೆದ. ಸಾಲದು ಅನ್ನಿಸಿತು. ಒಂದು ಗಳಿಗೆ ಯೋಚಿಸಿ ಕೆಳಗೆ ಸೇರಿಸಿದ: 'ಫಾಲ್ಸ್ ಹೊಲಿಯೋರಿಗೆ ನೇಯ್ಗೆ ಬಗ್ಗೆ ಏನ್ರೀ ಗೊತ್ತು?'

"ಲೋ ನಂದಾ, ನಾಲ್ಕನೇದ್ರಲ್ಲಿ ಎಳೆ ಕಿತ್ತೋಗೈತೆ ಕಣೋ."

ಮೂಲೆಯಲ್ಲಿ ಲಾಳಿಗೆ ನೂಲು ಸುತ್ತುತ್ತಿದ್ದ ತಾಯಿ ನಾಗಲಕ್ಷ್ಮಮ್ಮ ಕೂಗಿದರು. ಮಗ್ಗದ ಮನೆಯಲ್ಲಿ ಹುಟ್ಟಿ ಮಗ್ಗದ ಮನೆಗೇ ಸೊಸೆಯಾಗಿ ಬಂದ ಹೆಂಗಸಿನ ದನಿ ಅದು. ನಾಲ್ಕು ಮಗ್ಗಗಳನ್ನೂ ದಾಟಿ ಬರುತ್ತದೆ. ಆದರೂ ನಂದನ್‌ಗೆ ಕೇಳಿಸಲಿಲ್ಲ. ಅವನು ಕಳುಹಿಸುವ ಗುರುತನ್ನು ಒತ್ತುತ್ತಿದ್ದ.

'ನೇಕಾರರ ಬಳಗ' ಎಂಬ ಆ ವಾಟ್ಸಾಪ್ ಗುಂಪಿನಲ್ಲಿ ಮುನ್ನೂರ ಚಿಲ್ಲರೆ ಜನ. ದೊಡ್ಡಬಳ್ಳಾಪುರದ ಮಗ್ಗದವರು, ಬಣ್ಣ ಹಾಕುವವರು, ಡಿಸೈನು ಮಾಡುವವರು, ಸುತ್ತಲ ಊರುಗಳ ಸೀರೆ ಅಂಗಡಿಯವರು. ಬೆಳಗಾದರೆ ದೇವರ ಪಟಗಳು, ಸಂಜೆಯಾದರೆ ಜಗಳ. ಈ ವಾರ ಮಾತ್ರ ಬೆಳಗ್ಗೆಯಿಂದಲೇ ಜಗಳ, ಅದೂ ನಂದನ್‌ನ ಲೇಬಲ್ಲಿನ ಸುತ್ತ.

ಆ ಲೇಬಲ್ಲಿಗೆ ಒಂದು ವರ್ಷದ ಹಿನ್ನೆಲೆ ಇತ್ತು. ಚಿಂತಾಮಣಿಯಲ್ಲಿ ನೆಂಟರ ಮದುವೆಗೆ ಹೋಗಿದ್ದಾಗ, ತಾನೇ ನೇಯ್ದ ಸೀರೆ ಉಟ್ಟ ಹೆಂಗಸೊಬ್ಬರು ಅದನ್ನು ಯಾವುದೋ ದೂರದ ಊರಿನದೆಂದು ನಾಲ್ಕು ಜನರಿಗೆ ಸೆರಗು ಹಿಡಿದು ತೋರಿಸುವುದನ್ನು ಅವನು ಕಂಡಿದ್ದ. ಸೆರಗಿನ ಆ ನವಿಲಿನ ಕೊಕ್ಕನ್ನು ಒಂದು ಎಳೆ ಗಿಡ್ಡ ಮಾಡಿದ್ದೇ ಅವನು. ಎಲೆಯ ಮುಂದೆ ಕೂತವನು ಪಾಯಸ ಮುಟ್ಟದೆ ಎದ್ದುಬಂದಿದ್ದ. ನಮ್ಮ ಬೀದಿಯ ಸೀರೆಗೆ ನಮ್ಮ ಊರಿನ ಹೆಸರು ಬೇಕು ಎಂದು ಅಂದಿನಿಂದ ನೇಕಾರರ ಸಂಘದವರ ಬೆನ್ನು ಬಿದ್ದು, ಕೊನೆಗೆ ಹೆಬ್ಬೆರಳಗಲದ ಒಂದು ಲೇಬಲ್ ಮಾಡಿಸಿದ. ಮೇಲೆ 'ದೊಡ್ಡಬಳ್ಳಾಪುರ', ಕೆಳಗೆ 'ರೇಷ್ಮೆಯ ಸೊಬಗು'. ಅವನ ಬೀದಿಯ ಮಗ್ಗಗಳಲ್ಲಿ ಓಡುತ್ತಿದ್ದುದು ಮಾತ್ರ ಕೃತಕ ರೇಷ್ಮೆಯ ನೂಲು. ಬರುವ ಭಾನುವಾರ ಸಂಘದ ಸಭೆ. ಅಲ್ಲಿ ಒಪ್ಪಿಗೆಯಾದರೆ ಪ್ರತಿ ಸೀರೆಯ ಅಂಚಿಗೂ ಅದು ಹೊಲಿಗೆಯಾಗುತ್ತದೆ. ಬಿದ್ದುಹೋದರೆ ಇನ್ನೊಮ್ಮೆ ಎತ್ತಲು ಯಾರಿಗೂ ಪುರುಸೊತ್ತಿರುವುದಿಲ್ಲ. ಅದು ನಂದನ್‌ಗೆ ಚೆನ್ನಾಗಿ ಗೊತ್ತಿತ್ತು.

ಬುಧವಾರ ಲೇಬಲ್ ಹೊಲಿದ ಮಾದರಿ ಸೀರೆಯ ಚಿತ್ರವನ್ನು ಗುಂಪಿಗೆ ಹಾಕಿದಾಗ ಮೆಚ್ಚುಗೆಯ ಹೆಬ್ಬೆರಳುಗಳ ಮಳೆಯೇ ಸುರಿದಿತ್ತು. ನಡುವೆ ಒಂದೇ ಒಂದು ತಕರಾರು, ಆವತಿಯ ಪ್ರಮೋದಾ ಎಂಬುವವರದು: 'ರೇಷ್ಮೆ ಅನ್ನೋ ಪದ ಬೇಡ.' ಈಕೆ ಯಾರೆಂದು ನಂದನ್‌ಗೆ ಗೊತ್ತಿತ್ತು, ಅಥವಾ ಗೊತ್ತಿದೆ ಎಂದುಕೊಂಡಿದ್ದ. ಸೀರೆಗೆ ಫಾಲ್ಸ್ ಹೊಲಿಯುವ, ಕುಚ್ಚು ಕಟ್ಟುವ ಅಂಗಡಿ. ಮೂರು ತಿಂಗಳ ಹಿಂದೆ ಗುಂಪಿಗೆ ಬಂದ ಹೊಸತರಲ್ಲಿ, ಸರ್ಕಾರದ ಸವಲತ್ತುಗಳಿಂದ ಜನ ಸೋಮಾರಿಗಳಾಗುತ್ತಾರೆ ಎಂಬ ಉದ್ದನೆಯ ಬರಹವೊಂದನ್ನು ಎಲ್ಲಿಂದಲೋ ತಂದು ಹಾಕಿದ್ದರು. ಅಂದೇ ನಂದನ್ ಅವರನ್ನು ಒಂದು ಗೂಟಕ್ಕೆ ಕಟ್ಟಿಹಾಕಿದ್ದ. 'ಓ, ಈ ಥರದವರು.' ಅಲ್ಲಿಂದಾಚೆಗೆ ಅವರು ಬರೆದದ್ದನ್ನು ಅವನು ಓದುತ್ತಿದ್ದುದು ತಪ್ಪು ಹುಡುಕಲಿಕ್ಕೆ ಮಾತ್ರ.

ಇಂದು, ಗುರುವಾರ ಬೆಳಗ್ಗೆ, ಮಗ್ಗದವರಿಗೆ ಸಿಗುವ ಕರೆಂಟಿನ ರಿಯಾಯಿತಿ ಭಿಕ್ಷೆಯಲ್ಲ, ಹಕ್ಕು ಎಂದು ಅವನು ಮಾರುದ್ದ ಬರೆದಿದ್ದ. ಹತ್ತು ನಿಮಿಷದಲ್ಲಿ ಅದರ ಕೆಳಗೇ ಪ್ರಮೋದಾ ಅವರ ಎರಡು ಸಾಲು ಬಂತು: 'ನಿಮ್ಮದು ಗಂಜಿ ಜಾಸ್ತಿ ಆಯ್ತು ನಂದನ್ ಅವರೇ. ಸ್ವಲ್ಪ ಕಮ್ಮಿ ಮಾಡ್ಕೊಳ್ಳಿ.'

ಗಂಜಿ. ಫೋನಿನ ಲೋಕದಲ್ಲಿ ಅದಕ್ಕೆ ಒಂದೇ ಅರ್ಥ: ಸರ್ಕಾರದ ಬಿಟ್ಟಿ ಕೂಳಿಗೆ ಕೈಯೊಡ್ಡಿ ನಿಂತವನು. ಎದುರಿನವನ ಬಾಯಿ ಮುಚ್ಚಿಸಬೇಕಾದಾಗ ಎತ್ತಿ ಎಸೆಯುವ ಪದ. ಫೇಸ್‌ಬುಕ್ಕಿನಲ್ಲಿ ನಂದನ್‌ನ ಮೇಲೆ ಅದು ಎಷ್ಟು ಸಲ ಬಿದ್ದಿತ್ತೋ ಲೆಕ್ಕವಿಲ್ಲ. ಈಗ ತನ್ನ ಊರಿನ ಗುಂಪಿನಲ್ಲಿ, ತನ್ನ ಜನರ ಎದುರಿನಲ್ಲೇ ಬಿದ್ದಾಗ ಕಿವಿಯವರೆಗೂ ಬಿಸಿಯೇರಿತು.

ಅವನ ಉತ್ತರ ಹೋದ ಮರುಗಳಿಗೆ ಗುಂಪು ಎದ್ದು ಕೂತಿತು. ಬೆಂಕಿಯ ಚಿತ್ರಗಳು, ಚಪ್ಪಾಳೆಗಳು. 'ಫಾಲ್ಸ್ ಬಿಚ್ಚೋಯ್ತು' ಎಂದು ಒಬ್ಬ. 'ಮೇಡಂಗೆ ಒಂದು ಲೋಟ ಗಂಜಿ' ಎಂದು ಇನ್ನೊಬ್ಬ. ಗುಂಪಿನ ಅಡ್ಮಿನ್ ಗೋವಿಂದರಾಜು, ನಂದನ್‌ನ ತಂದೆಗಿಂತ ನಾಲ್ಕೇ ವರ್ಷ ಚಿಕ್ಕವರು, "ಸೂಪರ್ ಗುರು" ಎಂದು ನಗುತ್ತಾ ದನಿಯ ಸಂದೇಶ ಕಳುಹಿಸಿದರು. ಹನ್ನೊಂದು ಗಂಟೆಯ ಹೊತ್ತಿಗೆ ಗುಂಪಿನ ನಡುವೆ ಬೂದು ಬಣ್ಣದ ಪುಟ್ಟ ಅಕ್ಷರಗಳು ಮೂಡಿದವು: ಪ್ರಮೋದಾ ಆವತಿ ಹೊರನಡೆದಿದ್ದಾರೆ.

ನಂದನ್ ಲಾಳಿಗೆ ನೂಲು ತುಂಬಿ ಮಗ್ಗಕ್ಕಿಟ್ಟ. ಮಗ್ಗ ಓಡಿತು. ಗೆದ್ದ ಖುಷಿಯಲ್ಲಿ ಒಂದು ಸುತ್ತು ಹಾಕಿ ನಾಲ್ಕನೇ ಮಗ್ಗದ ಹತ್ತಿರ ಬಂದರೆ, ಕಿತ್ತುಹೋದ ಎಳೆಯ ಜಾಗದಲ್ಲಿ ಒಂದೂವರೆ ಮೊಳದುದ್ದದ ಗೆರೆ ಬಿದ್ದುಹೋಗಿತ್ತು.

ಮಧ್ಯಾಹ್ನ ಕರೆಂಟು ಹೋಯಿತು. ಮಗ್ಗಗಳು ಒಮ್ಮೆಗೇ ನಿಂತಾಗ ಆ ಬೀದಿಯಲ್ಲಿ ಒಂದು ವಿಚಿತ್ರ ಮೌನ ಇಳಿಯುತ್ತದೆ. ಜನ ಅಭ್ಯಾಸಬಲದಿಂದ ಇನ್ನೂ ಸ್ವಲ್ಪ ಹೊತ್ತು ಕೂಗಿಯೇ ಮಾತಾಡುತ್ತಾರೆ. ನಾಗಲಕ್ಷ್ಮಮ್ಮ ಮುದ್ದೆ ತಟ್ಟೆ ಮುಂದಿಟ್ಟು, "ಬೆಳಗ್ಗೆಯಿಂದ ಅದೇನು ಫೋನ್ ನೋಡ್ಕೊಂಡು ಒಬ್ಬನೇ ನಗ್ತಾ ಇದ್ದೆ? ಸೀರೆ ಹಾಳಾಯ್ತು," ಎಂದು ಕೂಗಿದರು.

"ಒಂದು ಜಗಳ ಗೆದ್ದೆ ಕಣಮ್ಮ. ಓದ್ತೀನಿ ಕೇಳು."

ಅಮ್ಮನಿಗೆ ಗುಂಪಿನ ಹೆಸರುಗಳೆಲ್ಲ ಗೊತ್ತಿಲ್ಲವೆಂದು ಹೆಸರು ಬಿಟ್ಟು ಓದಿದ. "'ಲೇಬಲ್ ಚೆನ್ನಾಗಿದೆ. ಅಕ್ಷರ ದುಂಡಗಿದೆ. ರೇಷ್ಮೆ ಅನ್ನೋ ಪದ ಬೇಡ. ಉಡೋರು ಅದನ್ನ ನಂಬಿ ತಗೋತಾರೆ.'"

"ಹೂಂ."

"ಇದು ಮೊದಲನೇದು. ಇವತ್ತು ಬಂದಿದ್ದು ಕೇಳು. 'ನಿಮ್ಮದು ಗಂಜಿ ಜಾಸ್ತಿ ಆಯ್ತು. ಸ್ವಲ್ಪ ಕಮ್ಮಿ ಮಾಡ್ಕೊಳ್ಳಿ.'"

"ಸರಿಯಾಗೇ ಹೇಳವ್ರಲ್ಲ," ಎಂದರು ನಾಗಲಕ್ಷ್ಮಮ್ಮ. "ಯಾರು, ನಿಮ್ಮಪ್ಪನಾ? ಅವ್ರಿಗ್ಯಾವಾಗ ಬಂತು ಮೆಸೇಜ್ ಮಾಡಕ್ಕೆ?"

ನಂದನ್ ತುತ್ತು ಕೈಯಲ್ಲೇ ಹಿಡಿದು ಕೂತ. "ಸರಿಯಾಗಿ ಹೇಳವ್ರಾ? ಅಮ್ಮಾ, ಅದು ಬೈಗುಳ."

"ಗಂಜಿ ಅನ್ನೋದು ಬೈಗುಳ ಹೆಂಗಾಗುತ್ತೋ? ನೀನು ಪಾಲಿಶ್ ಅಂತೀಯಲ್ಲ, ಅದೇ ಗಂಜಿ. ಹೋದ ವಾರ ಆ ಲೇಬಲ್ ಸೀರೆಗೆ ಪಾಲಿಶ್ ಮಾಡಿಸ್ಕೊಂಡು ಬಂದಾಗ್ಲೇ ನಿಮ್ಮಪ್ಪ ನನ್ ಹತ್ರ ಗೊಣಗಿದ್ರು. ನಿನಗೆ ಹೇಳಿದ್ರೆ ಎಗರಾಡ್ತೀಯ ಅಂತ ಸುಮ್ನಾದ್ರು."

ಒಳಗಿನಿಂದ ತಂದೆ ರಾಮಲಿಂಗಯ್ಯ ಬಂದರು. ಹೆಂಡತಿ ಕೇಳುವ ಮೊದಲೇ, ಕಪಾಟಿನ ಮೇಲಿದ್ದ ಮಾದರಿ ಸೀರೆಯನ್ನು ತೆಗೆದು, ಅಂಚನ್ನು ಎರಡು ಬೆರಳಿನ ನಡುವೆ ಮಡಿಸಿದರು. ಅದು ಮಡಿಸಿದ ಹಾಗೇ ನಿಂತಿತು.

"ತಗಡು," ಎಂದರು. "ಕೊಟ್ಟಿಗೆ ಮೇಲೆ ಹೊದಿಸಬೋದು. ನಮ್ ಕಾಲದಲ್ಲಿ ಬೀದಿ ಉದ್ದಕ್ಕೂ ಹಾಸಿನ ನೂಲು ಕಟ್ಟಿ ಗಂಜಿ ಬಳೀತಿದ್ವಿ. ಎಷ್ಟು ಬೇಕೋ ಅಷ್ಟೇ. ಈಗ ನಿಮ್ ಪಾಲಿಶ್ ಅಂಗಡಿಯೋನು ಸೀರೆನ ಹಪ್ಪಳ ಮಾಡಿ ಕಳಿಸ್ತಾನೆ. ಯಾರು ಹೇಳಿದ್ದು ಜಾಸ್ತಿ ಆಯ್ತು ಅಂತ? ಕಸುಬು ಗೊತ್ತಿರೋರು."

ನಂದನ್ ಎಡಗೈಯಿಂದ ಅಂಚನ್ನು ತಾನೂ ಮಡಿಸಿ ನೋಡಿದ. ಮಗ್ಗದ ಮನೆಯಲ್ಲಿ ಹುಟ್ಟಿದವನು, ಮೂವತ್ತೊಂದು ವರ್ಷ ಈ ಪದದ ನಡುವೆಯೇ ಬೆಳೆದವನು, ಗಂಜಿ ಎಂದಾಗ ಅವನಿಗೆ ಸೀರೆ ನೆನಪಾಗಲಿಲ್ಲ. ಅವನ ಅಜ್ಜ ಕಂಡಿರದ, ಯಾರೋ ಮುಖವಿಲ್ಲದವರು ಕಂಪ್ಯೂಟರಿನ ಮುಂದೆ ಕೂತು ಹುಟ್ಟಿಸಿದ ಅರ್ಥವೇ ಮೊದಲು ಬಂದು ನಿಂತಿತು.

ಹಾಗೆಂದು ಸುಲಭಕ್ಕೆ ಒಪ್ಪಿಬಿಡುವ ಆಸಾಮಿಯಲ್ಲ ನಂದನ್. ಊಟ ಮುಗಿಸಿ ಜಗುಲಿಯ ಮೇಲೆ ಕೂತು ತನ್ನ ಪರ ತಾನೇ ವಕಾಲತ್ತು ಶುರುಮಾಡಿದ. ಕರೆಂಟಿನ ವಿಷಯದ ಕೆಳಗೆ ಯಾಕೆ ಬರೆದರು? ಬೇಕೆಂದೇ ಎರಡರ್ಥ ಬರುವ ಹಾಗೆ ಬರೆದಿರಬೇಕು. ಮೂರು ತಿಂಗಳ ಹಿಂದಿನ ಆ ಬರಹವೇ ಸಾಕ್ಷಿ. ಆ ಸಾಕ್ಷಿಯನ್ನು ಹುಡುಕಲು ಗುಂಪಿನಲ್ಲಿ ಹಿಂದೆ ಹಿಂದೆ ಹೋದ. ದೇವರುಗಳು, ಹುಟ್ಟುಹಬ್ಬಗಳು, ಕಳೆದುಹೋದ ಎಮ್ಮೆಯೊಂದರ ಚಿತ್ರ ಎಲ್ಲ ದಾಟಿದ ಮೇಲೆ ಅದು ಸಿಕ್ಕಿತು. ಅದರ ಕೆಳಗೆ, ಅವನು ಅಂದು ಓದದೆ ಬಿಟ್ಟಿದ್ದ ಒಂದು ಸಾಲಿತ್ತು: 'ಇದು ನನಗೆ ಬಂತು. ನಿಜವೋ ಸುಳ್ಳೋ ಗೊತ್ತಿರೋರು ಹೇಳಿ.'

ಯಾರೂ ಹೇಳಿರಲಿಲ್ಲ. ಅವನೂ ಹೇಳಿರಲಿಲ್ಲ.

ಅಲ್ಲಿಂದ ಕೆಳಗೆ ಬರುತ್ತಾ ಪ್ರಮೋದಾ ಅವರು ಬರೆದದ್ದನ್ನಷ್ಟೇ ಓದಿದ. ಇಷ್ಟು ದಿನ ಆ ಸಾಲುಗಳಿಗೆ ಅವನ ತಲೆಯೊಳಗೆ ಒಂದು ದನಿ ಇತ್ತು: ಮೂಗಿನಿಂದ ಹೊರಡುವ, ಸೊಂಟದ ಮೇಲೆ ಕೈಯಿಟ್ಟು ನಿಂತ ದನಿ. ಈಗ ಅಮ್ಮನ ಮುಂದೆ ಓದಿದ ಹಾಗೆ, ಹೆಸರು ಬಿಟ್ಟು, ಬಾಯಲ್ಲಿ ಓದಿನೋಡಿದ. 'ನೇರಳೆ ಬಣ್ಣ ಎರಡನೇ ಒಗೆತಕ್ಕೆ ಬಿಡ್ತಿದೆ, ನೋಡ್ಕೊಳ್ಳಿ.' 'ಸೆರಗಿನ ಕೊನೆಗೆ ನಾಲ್ಕು ಬೆರಳು ನೂಲು ಬಿಟ್ಟರೆ ಕುಚ್ಚು ಕಟ್ಟೋಕೆ ಅನುಕೂಲ.' ಇದರಲ್ಲಿ ಎಲ್ಲಿಯೂ ಆ ದನಿ ಇರಲಿಲ್ಲ.

ನಡುವೆ ಇನ್ನೊಂದು ಸಾಲು ಕಣ್ಣಿಗೆ ಬಿತ್ತು. ಬುಧವಾರ ಗೋವಿಂದರಾಜು ಬರೆದದ್ದು: 'ಲೇ, ರೇಷ್ಮೆ ಅನ್ನೋದು ಓವರ್ ಆಯ್ತೇನೋ.' ಅದಕ್ಕೆ ನಂದನ್ ನಗುವ ಮುಖವೊಂದನ್ನು ಹಾಕಿ ಸುಮ್ಮನಾಗಿದ್ದ. ಐದು ನಿಮಿಷದ ನಂತರ ಅದೇ ಮಾತನ್ನು ಪ್ರಮೋದಾ ಹೇಳಿದಾಗ ಹದಿನೆಂಟು ಸಾಲು ಬರೆದಿದ್ದ.

ಅದನ್ನು ಕಂಡ ಮೇಲೆ ವಕಾಲತ್ತು ನಿಂತುಹೋಯಿತು.

ಶುಕ್ರವಾರವೆಲ್ಲ ಫೋನ್ ತೆಗೆಯುವುದು, ಇಡುವುದು. ಆಕೆಗೆ ನೇರವಾಗಿ ಬರೆಯೋಣವೆಂದು ಹೊರಟರೆ 'ತಪ್ಪಾಯ್ತು' ಎಂಬುದರ ಮುಂದೆ 'ಆದರೆ' ಎಂಬ ಪದ ತಾನಾಗಿ ಬಂದು ಕೂರುತ್ತಿತ್ತು. ಕೊನೆಗೆ ಸಂಜೆ ಗೋವಿಂದರಾಜುಗೆ ಫೋನ್ ಮಾಡಿದ.

"ಅಣ್ಣ, ಆವತಿ ಪ್ರಮೋದಾ ಅವರ ಅಂಗಡಿ ಎಲ್ಲಿ ಬರುತ್ತೆ?"

"ಯಾಕಪ್ಪಾ, ಮನೆ ಬಾಗಿಲಿಗೇ ಹೋಗಿ ಬೈದು ಬರ್ತೀಯಾ? ಬಿಡು ಗುರು, ಓಡೋದ್ರಲ್ಲ."

"ಮಾದರಿ ಸೀರೆ ಮೂರು ಅಂಗಡಿಗೆ ಕಳಿಸ್ದೆ ಅಂದಿದ್ರಲ್ಲ. ಯಾರ್ಯಾರಿಗೆ?"

"ದೇವನಹಳ್ಳಿಲಿ ಎರಡು. ಇನ್ನೊಂದು ಅವ್ರಿಗೇ ಕಣೋ. ಆವಮ್ಮನ ಕೈ ದಾಟಿ ಹೋಗೋವಷ್ಟು ಸೀರೆ ಯಾವ ಅಂಗಡಿಲೂ ಹೋಗಲ್ಲ."

"ಅವರು ಗಂಜಿ ಅಂದಿದ್ದು ಸೀರೆ ಪಾಲಿಶ್ ಬಗ್ಗೆ ಅಣ್ಣ. ಬೈದಿದ್ದಲ್ಲ."

ಆ ಕಡೆ ಮಗ್ಗ ನಿಲ್ಲಿಸಿದ್ದು ಕೇಳಿಸಿತು. "ಥೂ ನಿನ್ನ," ಎಂದರು ಗೋವಿಂದರಾಜು. "ನಾನೂ ಚಪ್ಪಾಳೆ ಹಾಕಿದ್ನಲ್ಲೋ." ಮತ್ತೆ ದನಿ ತಗ್ಗಿಸಿದರು. "ಆಗಿದ್ದಾಯ್ತು. ಭಾನುವಾರ ಕಳೀಲಿ, ಆಮೇಲೆ ಹೋಗು. ಈಗ ಹೋಗಿ ಕೈ ಮುಗಿದ್ರೆ ನಿನ್ ಲೇಬಲ್ ಬಿದ್ದೋಗುತ್ತೆ. ಈಗ ಎಲ್ಲಾ ನಿನ್ ಕಡೆ ಅವ್ರೆ."

"ನನ್ ಕಡೆ ಅವ್ರೋ, ಜಗಳದ ಕಡೆ ಅವ್ರೋ?"

"ಅದೆಲ್ಲ ಕೇಳ್ಬಾರ್ದು. ಎಣಿಸ್ಬೇಕು ಅಷ್ಟೇ."

ಶನಿವಾರ ಬೆಳಗ್ಗೆ ನಂದನ್ ಮಗ್ಗವನ್ನು ತಂದೆಗೆ ಒಪ್ಪಿಸಿ ಬೈಕ್ ಹತ್ತಿದ. ದೇವನಹಳ್ಳಿ ದಾಟಿ ಹೆದ್ದಾರಿಗೆ ಬಿದ್ದ ಮೇಲೆ ತಲೆಯ ಮೇಲೆ ವಿಮಾನಗಳು ಹೊಟ್ಟೆ ತೋರಿಸಿಕೊಂಡು ಇಳಿಯುತ್ತಿದ್ದವು. ಎರಡೂ ಬದಿಗೆ ದ್ರಾಕ್ಷಿ ಚಪ್ಪರ, ಬೇಲಿ ಹಾಕಿದ ಸೈಟು, ಮತ್ತೆ ದ್ರಾಕ್ಷಿ ಚಪ್ಪರ. ದಾರಿಯುದ್ದಕ್ಕೂ ಒಂದು ವಾಕ್ಯವನ್ನು ಬಾಯಿಪಾಠ ಮಾಡಿಕೊಂಡ. ಆವತಿಯ ಬೆಟ್ಟ ಕಾಣುವ ಹೊತ್ತಿಗೆ ಅದು ಚೆನ್ನಾಗಿಯೇ ಕೂತಿತ್ತು. ಅಂಗಡಿಯ ಮುಂದೆ ಬೈಕ್ ನಿಲ್ಲಿಸಿದಾಗ ಮರೆತುಹೋಯಿತು.

ಒಂದೇ ಕೋಣೆಯ ಅಂಗಡಿ. ಹಗ್ಗದ ಮೇಲೆ ಸೀರೆಗಳು, ಗೋಡೆಗೆ ಒರಗಿದ ಎರಡು ಹೊಲಿಗೆ ಯಂತ್ರ. ಐವತ್ತರ ಆಸುಪಾಸಿನ ಹೆಂಗಸೊಬ್ಬರು ಮಣೆಯ ಮೊಳೆಗೆ ಸೆರಗು ಸಿಕ್ಕಿಸಿ ಕುಚ್ಚು ಕಟ್ಟುತ್ತಿದ್ದರು. ಕನ್ನಡಕದ ಮೇಲಿಂದ ಒಮ್ಮೆ ನೋಡಿ ಮತ್ತೆ ಗಂಟಿಗೆ ಕಣ್ಣಿಟ್ಟರು.

"ದೊಡ್ಡಬಳ್ಳಾಪುರದಿಂದ ಬಂದೆ," ಎಂದ.

"ಗೊತ್ತಾಯ್ತು. ಗುಂಪಲ್ಲಿ ಫೋಟೋ ಹಾಕ್ಕೊಂಡಿದೀಯಲ್ಲ, ಕಪ್ಪು ಕನ್ನಡಕ. ಕೂತ್ಕೊಳಪ್ಪಾ. ಆ ಚೇರ್ ಬೇಡ, ಅದರ ಕಾಲು ಸರಿ ಇಲ್ಲ."

ನಂದನ್ ಸ್ಟೂಲಿನ ಮೇಲೆ ಕೂತ. ಮರೆತ ವಾಕ್ಯದ ಬದಲು ಬಾಯಿಗೆ ಬಂದದ್ದನ್ನು ಹೇಳಿದ. "ನೀವು ಗಂಜಿ ಅಂದಿದ್ದನ್ನ ನಾನು ಬೇರೆ ಅಂದ್ಕೊಂಡೆ. ಫೋನಲ್ಲಿ ಅದನ್ನ ಬೈಗುಳವಾಗಿ ಬಳಸ್ತಾರೆ. ಬಿಟ್ಟಿ ತಿನ್ನೋರು ಅಂತ."

ಪ್ರಮೋದಾ ಕೈ ನಿಲ್ಲಿಸಿದರು. "ಗಂಜಿ ಅಂದ್ರೆ?"

"ಹೂಂ."

"ಅಯ್ಯೋ ಶಿವನೇ. ಎರಡು ದಿನದಿಂದ ಇದನ್ನೇ ಯೋಚ್ನೆ ಮಾಡ್ತಾ ಇದೀನಿ. ಪಾಲಿಶ್ ಜಾಸ್ತಿ ಅಂದಿದ್ದಕ್ಕೆ ಈ ಹುಡುಗ ಬಿಟ್ಟಿ ಕೂಳು ಅಂತ ಯಾಕೆ ಶುರು ಮಾಡ್ದ? ಮಗ್ಗದೋರಿಗೆ ಪಾಲಿಶ್ ಅನ್ನೋದು ಅಷ್ಟೊಂದು ಮಾನದ ಪ್ರಶ್ನೆ ಇರ್ಬೇಕು ಅಂದ್ಕೊಂಡೆ." ನಗು ಬಂತು ಅವರಿಗೆ. ಬಂದ ನಗು ಅರ್ಧಕ್ಕೇ ಇಳಿಯಿತು. "ಅದು ಆಯ್ತು. ಅದರ ಕೆಳಗೆ ಇನ್ನೊಂದು ಸಾಲಿತ್ತಲ್ಲ."

ನಂದನ್‌ಗೆ ಯಾವ ಸಾಲೆಂದು ಕೇಳಬೇಕಿರಲಿಲ್ಲ. ಫಾಲ್ಸ್ ಹೊಲಿಯೋರ ಸಾಲು. ಅದಕ್ಕೂ ಅದೇ ನೆಪ ಹೇಳಬಹುದಿತ್ತು. ನಾಲಗೆಯ ತುದಿಗೆ ಬಂದೂ ಇತ್ತು.

"ಅದು ತಪ್ಪು ತಿಳ್ಕೊಂಡು ಬರೆದಿದ್ದಲ್ಲ," ಎಂದ. "ನೋವಾಗ್ಲಿ ಅಂತಲೇ ಬರೆದಿದ್ದು."

"ನೋವಾಯ್ತು," ಎಂದರು ಪ್ರಮೋದಾ. ಇನ್ನೊಂದು ಗಂಟು ಹಾಕಿ ನೂಲು ಕತ್ತರಿಸಿದರು. ಆಮೇಲೆ ಎದ್ದು, ಯಂತ್ರದ ಡ್ರಾಯರಿನಿಂದ ಒಂದು ಪುಟ್ಟ ಡಬ್ಬಿ ತೆಗೆದು ಅವನ ಅಂಗೈಗೆ ಬಗ್ಗಿಸಿದರು. ತುದಿ ಮುರಿದ ಮೂರು ಸೂಜಿ. "ನಿನ್ ಸೀರೆಗೆ ಫಾಲ್ಸ್ ಹೊಲಿಯುವಾಗ ಮುರಿದಿದ್ದು. ಸೀರೆ ಹೆಂಗೈತೆ ಅಂತ ಅಂಗಡಿಯೋರು ಕಣ್ಣಲ್ಲಿ ನೋಡ್ತಾರೆ. ನಾವು ಸೂಜಿಲಿ ನೋಡ್ತೀವಿ."

ಹಗ್ಗದ ಮೇಲೆ ಮಾದರಿ ಸೀರೆ ಇತ್ತು. ಅರ್ಧ ಒಗೆದಿದ್ದರು, ಅರ್ಧ ಹಾಗೇ ಬಿಟ್ಟಿದ್ದರು. ಒಗೆಯದ ಅರ್ಧ ಬಾಗಿಲಿನಂತೆ ನೆಟ್ಟಗೆ ನಿಂತಿತ್ತು. ಒಗೆದ ಅರ್ಧ ಮೆತ್ತಗೆ ಇಳಿಬಿದ್ದು ಗಾಳಿಗೆ ಓಲಾಡುತ್ತಿತ್ತು. ನಂದನ್ ಅದನ್ನು ಮುಟ್ಟಿದ. ಗಂಜಿ ಇಳಿದ ಮೇಲೆ ನವಿಲು ಇನ್ನೂ ಚೆನ್ನಾಗಿ ಕಾಣುತ್ತಿತ್ತು.

"ಇದೇ ಚೆನ್ನಾಗೈತೆ," ಎಂದ.

"ಅದನ್ನೇ ಬರೆದಿದ್ದು ನಾನು. ಎರಡೇ ಸಾಲಲ್ಲಿ ಬರೆದೆ, ಅದು ನನ್ ತಪ್ಪು. ಹೊಲಿಯೋ ಮಧ್ಯೆ ಬರೆಯೋದು. ಅದೂ ಯಾವುದರ ಕೆಳಗೆ ಹೋಯ್ತೋ." ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡರು. "ನಿನ್ ಕರೆಂಟ್ ವಿಚಾರ ನಾನು ಓದೇ ಇಲ್ಲ, ನಿಜ ಹೇಳ್ಬೇಕಂದ್ರೆ. ನಿನ್ ಹೆಸರು ಕಂಡ್ರೆ ಮೊದಲನೇ ಸಾಲು ನೋಡಿ ಮೇಲಕ್ಕೆ ತಳ್ಬಿಡ್ತಿದ್ದೆ. ಮೈಕ್ ಸಿಕ್ಕಿದ ಹುಡುಗ ಅಂತ."

"ನಾನೂ ಹಂಗೇ. ನಿಮ್ ಫಾರ್ವರ್ಡ್ ಒಂದು ನೋಡಿ."

"ಯಾವುದು? ಆ ಸೋಮಾರಿಗಳ ಕಥೆನಾ? ನಿಜಾನಾ ಸುಳ್ಳಾ ಅಂತ ಕೇಳಿದ್ನಲ್ಲ, ಒಬ್ಬರೂ ಉಸಿರೆತ್ತಲಿಲ್ಲ."

"ಸುಳ್ಳು," ಎಂದ ನಂದನ್. "ಪೂರ್ತಿ ಅಲ್ಲ, ಮುಕ್ಕಾಲು. ಹೇಳ್ತೀನಿ ಬಿಡಿ, ಅದಕ್ಕೆ ಟೈಮ್ ಬೇಕು."

ಪಕ್ಕದ ಅಂಗಡಿಯಿಂದ ಟೀ ಬಂತು. ಕುಡಿಯುತ್ತಾ ಮಾತು ರೇಷ್ಮೆಗೆ ಬಂದಿತು. ಬರದೆ ಇರುವಂತಿರಲಿಲ್ಲ, ಮರುದಿನವೇ ಸಭೆ.

"ತೂಬಗೆರೆ ಕಡೆಯಿಂದ ಅನುಸೂಯಮ್ಮ ಅಂತ ಬರ್ತಾರೆ," ಎಂದರು ಪ್ರಮೋದಾ. "ಮಗಳ ಸೀಮಂತಕ್ಕೆ ಸೀರೆ ತಂದ್ರು. ಡಬ್ಬದ ಮೇಲೆ ಸಿಲ್ಕ್ ಅಂತ ಬರೆದಿತ್ತು, ನಂಬಿದ್ರು. ನಾನೇ ಕುಚ್ಚು ಕಟ್ಟಿದ್ದೆ. ಹೇಳ್ಬೇಕು ಅಂದ್ಕೊಂಡೆ, ಅವರ ಮುಖ ನೋಡಿ ಹೇಳಲಿಲ್ಲ. ಸೀಮಂತದ ದಿನ ಬೀಗರ ಕಡೆಯೋರೊಬ್ಬರು, ತಮಾಷೆಗೆ ಅಂತ, ಸೆರಗಿಂದ ಒಂದು ಎಳೆ ಎಳೆದು ದೀಪಕ್ಕೆ ಹಿಡಿದ್ರಂತೆ. ರೇಷ್ಮೆ ಆಗಿದ್ರೆ ಕೂದಲು ಸುಟ್ಟ ವಾಸ್ನೆ ಬಂದು ಬೂದಿ ಆಗ್ಬೇಕಿತ್ತು. ಇದು ಕರಗಿ ಮಣಿ ಆಯ್ತು. ಎಲ್ಲರ ಮುಂದೆ. ಆ ಹುಡುಗಿ ಆ ಸೀರೆ ಉಟ್ಕೊಂಡೇ ಸಂಜೆವರೆಗೂ ಕೂತಿದ್ಲಂತೆ."

ನಂದನ್ ಲೋಟ ಕೆಳಗಿಟ್ಟ. ಚಿಂತಾಮಣಿಯ ಮದುವೆಯಲ್ಲಿ ತನಗಾದದ್ದೇ ದೊಡ್ಡ ಅವಮಾನ ಎಂದುಕೊಂಡಿದ್ದ. ಈ ಕಥೆಯನ್ನು ಈಕೆ ಗುಂಪಿನಲ್ಲಿ ಬರೆದಿದ್ದರೆ ಎಂದು ಒಂದು ಗಳಿಗೆ ಅನ್ನಿಸಿತು. ಬರೆದಿದ್ದರೆ ತಾನು ಏನು ಮಾಡುತ್ತಿದ್ದೆ ಎಂಬುದೂ ಹೊಳೆಯಿತು. ಕಟ್ಟುಕಥೆ ಎನ್ನುತ್ತಿದ್ದ.

ಆದರೂ ಅವನೊಳಗೆ ಒಂದು ಮಾತು ಉಳಿದಿತ್ತು. ಹೇಳಲೋ ಬೇಡವೋ ಎಂದು ಸ್ಟೂಲಿನ ಅಂಚನ್ನು ಉಗುರಿನಿಂದ ಕೆರೆದ.

"ಹೇಳು," ಎಂದರು ಪ್ರಮೋದಾ. "ಹೊಟ್ಟೆಲಿ ಇಟ್ಕೊಂಡು ಹೋಗಿ ರಾತ್ರಿ ಗುಂಪಲ್ಲಿ ಬರೀಬೇಡ."

"ನೀವಂತೂ ಗುಂಪಲ್ಲಿ ಇಲ್ವಲ್ಲ."

"ಹೇಳೋ."

"ರೇಷ್ಮೆ ಪದ ತೆಗೆದ್ರೆ ಏನು ಬರೆಯೋದು? 'ಕೃತಕ' ಅಂತಲಾ? ಅಂಗಡಿಲಿ ಎರಡು ಸೀರೆ ಪಕ್ಕಪಕ್ಕ ಇಟ್ಟವ್ರೆ ಅಂದ್ಕೊಳ್ಳಿ. ಒಂದರ ಮೇಲೆ ಕೃತಕ ರೇಷ್ಮೆ ಅಂತ ನಿಜ ಬರೆದೈತೆ. ಇನ್ನೊಂದರ ಮೇಲೆ ಏನೂ ಇಲ್ಲ, ಅಂಗಡಿಯೋನು ಬಾಯಲ್ಲಿ ಸಿಲ್ಕ್ ಅಂತಾನೆ. ಎರಡೂ ನಮ್ ಬೀದಿದೇ. ಅನುಸೂಯಮ್ಮ ಯಾವುದನ್ನ ಎತ್ಕೋತಾರೆ?"

ಪ್ರಮೋದಾ ಲೋಟವನ್ನು ಯಂತ್ರದ ಮೇಲಿಟ್ಟರು.

"ನಿಜ ಬರೆದೋನ ಮಗ್ಗ ನಿಲ್ಲುತ್ತೆ, ಸುಳ್ಳು ಹೇಳಿದೋನದು ಓಡುತ್ತೆ. ಅದಕ್ಕೇ ಸೊಬಗು ಅಂತ ಹಾಕ್ದೆ. ರೇಷ್ಮೆ ಅಂತ ಹೇಳಿಲ್ಲ, ರೇಷ್ಮೆಯ ಸೊಬಗು ಅಂದಿದೀನಿ. ನುಣುಚ್ಕೊಳ್ಳೋದು ಅಂತ ಗೊತ್ತು. ಬೇರೆ ದಾರಿ ಸಿಗಲಿಲ್ಲ."

"ಇದನ್ನ ನಾನು ಯೋಚ್ನೆ ಮಾಡಿರಲಿಲ್ಲ," ಎಂದರು ಪ್ರಮೋದಾ ನಿಧಾನವಾಗಿ. ಹಗ್ಗದ ಮೇಲಿನ ಸೀರೆಯ ಅಂಚನ್ನು ತಿರುಗಿಸಿ ಲೇಬಲ್ಲನ್ನು ಬೆರಳಿನಿಂದ ಸವರಿದರು. "ಈ ಲೇಬಲ್ ಬೇಕು ಅಂತ ನನಗೂ ಆಸೆ ಐತೆ ಕಣಪ್ಪಾ. ಊರಿನ ಹೆಸರು ಇರೋ ಸೀರೆನ ಯಾರೂ ಕಂಡಕಂಡಿದ್ದು ಹೇಳಿ ಮಾರಕ್ಕಾಗಲ್ಲ. ಆ ಒಂದು ಪದ ಮಾತ್ರ ಸೂಜಿ ಥರ ಚುಚ್ಚುತ್ತೆ."

ಒಂದು ಬಸ್ಸು ಹಾದುಹೋಯಿತು. ನಂದನ್ ಫೋನ್ ಹೊರತೆಗೆದ. ದೀಪದ ಮುಂದೆ ಕರಗಿದ ಆ ಎಳೆ ಕಣ್ಣಿನಿಂದ ಹೋಗುತ್ತಿರಲಿಲ್ಲ. ಎಡಗೈಯಲ್ಲಿ ಆ ಮುರಿದ ಸೂಜಿಗಳು ಇನ್ನೂ ಹಾಗೇ ಇದ್ದವು. ಇದನ್ನೆಲ್ಲ ಒಂದೇ ಏಟಿಗೆ ಮುಗಿಸಿಬಿಡಬೇಕು ಅನ್ನಿಸಿತು. ಬರೆದ. ಈ ಸಲ ಒಂದು ಸಾಲನ್ನೂ ಅಳಿಸಲಿಲ್ಲ. ಬರೆದು ಅವರ ಕೈಗೆ ಕೊಟ್ಟ.

ಪ್ರಮೋದಾ ಫೋನನ್ನು ದೂರ ಹಿಡಿದು ದನಿಯೆತ್ತಿ ಓದಿದರು. "'ಗುರುವಾರ ನಾನು ಬರೆದದ್ದಕ್ಕೆ ಪ್ರಮೋದಾ ಅವರ ಕ್ಷಮೆ ಕೇಳ್ತೀನಿ. ಗಂಜಿ ಅಂದಿದ್ದು ಸೀರೆ ಬಗ್ಗೆ. ಅವರು ಹೇಳಿದ್ದೆಲ್ಲ ಸರಿ, ನಾನು ಹೇಳಿದ್ದೆಲ್ಲ ತಪ್ಪು. ನನ್ನ ಲೇಬಲ್ ವಾಪಸ್ ತಗೊಂಡಿದೀನಿ. ನಾಳೆ ಸಭೆಯಲ್ಲಿ ಅವರು ಹೇಳಿದ ಹಾಗೆ ನಡೀಲಿ.'"

"ನಿಮ್ಮನ್ನ ಗುಂಪಿಗೆ ವಾಪಸ್ ಸೇರಿಸಕ್ಕೆ ಅಣ್ಣಂಗೆ ಹೇಳ್ತೀನಿ," ಎಂದ. "ನೀವು ಬಂದ ತಕ್ಷಣ ಇದನ್ನ ಹಾಕ್ತೀನಿ. ಮುನ್ನೂರು ಜನನೂ ನೋಡ್ಲಿ."

ಪ್ರಮೋದಾ ಫೋನನ್ನು ಅವನ ಮುಂದೆ ಹಿಡಿದರು. "ಮೊದಲನೇ ಎರಡು ಸಾಲು ಹಾಕು. ಅದು ನನಗೆ ಬರಬೇಕಾದ್ದು. ಮಿಕ್ಕಿದ್ದು ಬೇಡ."

"ಯಾಕೆ? ನೀವು ಹೇಳಿದ್ದೇ ಆಯ್ತಲ್ಲ."

"ನಾನು ಹೇಳಿದ್ದು ಒಂದು ಪದ ತೆಗಿ ಅಂತ. ಲೇಬಲ್ ತೆಗಿ ಅಂತ ಯಾವಾಗ ಹೇಳ್ದೆ? ಈಗ ಪಕ್ಕಪಕ್ಕ ಎರಡು ಸೀರೆ ಅಂದ್ಯಲ್ಲ, ಅದಕ್ಕೆ ನನ್ ಹತ್ರ ಉತ್ತರ ಇಲ್ಲ. ನೀನು ಎಲ್ಲಾ ತಪ್ಪು ಅಂತ ಬರ್ಕೊಂಡು ಕೂತ್ರೆ, ನಾಳೆ ಸಭೆಲಿ ಆ ಮಾತು ಎತ್ತೋರು ಯಾರು? ನಾನಾ? ನಿನ್ ಕಡೆಯಿಂದ ನಾನೇ ಜಗಳ ಆಡ್ಲಾ?"

"ಹಂಗಲ್ಲ, ಪ್ರಮೋದಕ್ಕ. ನಿಮಗೆ ಅಷ್ಟು ಜನರ ಮುಂದೆ—"

"ಅದಕ್ಕೆ ಅಷ್ಟು ಜನರ ಮುಂದೆ ಸೋಲ್ತೀಯಾ? ನಾಳೆ ನಾನೂ ಬರ್ತೀನಿ. ರೇಷ್ಮೆ ಪದ ಬೇಡ ಅಂತಲೇ ಹೇಳ್ತೀನಿ. ನೀನು ನಿನ್ನ ಮಾತು ಹೇಳು. ಇಬ್ಬರ ಮಧ್ಯೆ ಇನ್ನೊಂದು ಪದ ಸಿಗುತ್ತೋ ನೋಡಣ."

"ಸಿಗದಿದ್ರೆ?"

"ಮುಂದಿನ ಭಾನುವಾರ ನೋಡಣ."

ಸೂಜಿಗಳನ್ನು ಡಬ್ಬಿಗೆ ಹಾಕಿ ನಂದನ್ ಫೋನ್ ತೆಗೆದುಕೊಂಡ. ಬರೆದದ್ದೆಲ್ಲ ಹಾಗೇ ಇತ್ತು, ಕಳುಹಿಸುವ ಹಸಿರು ಗುರುತೂ. ಹೆಬ್ಬೆರಳು ಅದರ ಮೇಲೆ ಆಡುತ್ತಿತ್ತು. "ಒಂದು ಸಲ ಪೂರ್ತಿ ಒಪ್ಕೊಂಡ್ಬಿಟ್ರೆ ನನಗೂ ಹಗುರ ಆಗುತ್ತೆ, ಅಕ್ಕ. ನಿಮಗೂ ಸಮಾಧಾನ. ಹಾಕ್ಬಿಡ್ಲಾ?"

ಪ್ರಮೋದಾ ಮಣೆಯ ಮುಂದೆ ಕೂತು ಹೊಸ ನೂಲು ಹಿಡಿದಿದ್ದರು. ತಲೆ ಎತ್ತಲಿಲ್ಲ.

"ಬೇಡ ಅಂದ್ನಲ್ಲ."